ನಡೆಯುತ್ತಾರಲ್ಲ, ಮತ್ತೇನು?

(ಪುತ್ತೂರಿನಲ್ಲಿ ಹಿರಿಯರ ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರ ಮುಂದೆ ಮಾಡಿದ ಉಪನ್ಯಾಸ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಆಮಂತ್ರಣ ಪತ್ರಿಕೆಯಲ್ಲಿ 'ನರ್ಸಿಂಗ್ ಹೋಮ್ ಆರೈಕೆ' ಎಂದು ಅಚ್ಚಾಗಿದೆ. ಅದನ್ನು ಓದಿ ಹೆರಿಗೆ ಆಸ್ಪತ್ರೆಯ ವಿಷಯವೆಂದು ಬಂದವರಿದ್ದರೆ ಕ್ಷಮಿಸಬೇಕು. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಹೋಂ ನರ್ಸ್ ಎಂದರೆ ಮನೆಯಲ್ಲೇ ಉಳಿದು ಅಜ್ಜಿಯನ್ನು ನೋಡಿಕೊಳ್ಳುವ ಹುಡುಗಿ. ವೃದ್ಧಾಶ್ರಮ ಎಂದರೆ ಮಕ್ಕಳು ಕೈಬಿಟ್ಟ ಜಾಗ ಎಂಬ ಭಾವನೆ. ಹಾಗಾಗಿ ವಯಸ್ಸಾದವರು ವರ್ಷಗಟ್ಟಲೆ ಉಳಿದು ನರ್ಸುಗಳ ಆರೈಕೆ ಪಡೆಯುವ ಜಾಗಕ್ಕೆ ನಮ್ಮಲ್ಲಿ ಒಪ್ಪಿತವಾದ ಹೆಸರೇ ಇಲ್ಲ. ಇವತ್ತಿನ ಮಟ್ಟಿಗೆ ಅದನ್ನು ಆರೈಕೆ ಮನೆ ಎನ್ನುತ್ತೇನೆ.

ನಾನು ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಮದುವೆಯ ನಂತರ ಗಂಡನ ಕೆಲಸದ ಬೆನ್ನಿಗೆ ಜರ್ಮನಿಗೆ ಹೋದವಳು. ಅಲ್ಲಿನ ಭಾಷೆ ಕಲಿತು, ಪ್ರಮಾಣಪತ್ರಕ್ಕೆ ಅಲ್ಲಿನ ಮಾನ್ಯತೆ ಪಡೆದು, 2013ರಿಂದ ಒಂಬತ್ತು ವರ್ಷ ದಕ್ಷಿಣ ಜರ್ಮನಿಯ ಸಣ್ಣ ಪಟ್ಟಣವೊಂದರ ಆರೈಕೆ ಮನೆಯಲ್ಲಿ ಕೆಲಸ ಮಾಡಿದೆ. ಅತ್ತೆಗೆ ಮರೆವು ಹೆಚ್ಚಾಯಿತೆಂದು ಊರಿಗೆ ಮರಳಿದೆವು. ಪರದೇಶದಲ್ಲಿ ಅಷ್ಟು ಮಂದಿ ಅಜ್ಜಿಯರನ್ನು ನೋಡಿಕೊಂಡವಳಿಗೆ ಮನೆಯ ಒಬ್ಬ ಅತ್ತೆಯನ್ನು ನೋಡಿಕೊಳ್ಳಲಾಗಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಾಳಿ ಮುಗಿಸಿ ಮನೆಗೆ ಹೋಗುವ ನರ್ಸಿಗೂ ಪಾಳಿಯೇ ಮುಗಿಯದ ಸೊಸೆಗೂ ಅಜಗಜಾಂತರ.

ಒಂದೂವರೆ ವರ್ಷ ಹೆಣಗಿ, ಕೊನೆಗೆ ಒಂದು ಕೇಂದ್ರಕ್ಕೆ ಸೇರಿಸಿದೆವು. ಅಲ್ಲಿ ಎರಡೇ ದರ: ಓಡಾಡುವವರಿಗೆ ಒಂದು, ಹಾಸಿಗೆ ಹಿಡಿದವರಿಗೆ ಇನ್ನೊಂದು. ಫಾರಂ ತುಂಬಿಸುತ್ತಿದ್ದ ಹುಡುಗ ಅತ್ತೆಯನ್ನೊಮ್ಮೆ ನೋಡಿ, "ಅಜ್ಜಿ ನಡೆಯುತ್ತಾರಲ್ಲ, ಮತ್ತೇನು?" ಎಂದು ಕಡಿಮೆ ದರಕ್ಕೆ ಗುರುತು ಹಾಕಿದ. ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೇ ಸಮಾಧಾನವಾಯಿತು. ಹನ್ನೊಂದನೆಯ ದಿನ ಸಂಜೆ ನಾಲ್ಕಕ್ಕೆ ಅತ್ತೆ ಗೇಟು ದಾಟಿ ನಡೆದರು. ಅಡಿಕೆ ಅಂಗಳದ ಬಾಗಿಲಿಗೆ ಬೀಗ ಹಾಕಬೇಕಿತ್ತಂತೆ. ಕತ್ತಲಾದ ಮೇಲೆ ಎರಡು ಕಿಲೋಮೀಟರ್ ಆಚೆಯ ಬಸ್ ತಂಗುದಾಣದಲ್ಲಿ ಸಿಕ್ಕಿದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಆ ಹುಡುಗನನ್ನು ಬೈಯುವುದು ಸುಲಭ. ಆದರೆ ಅವನು ಮಾಡಿದ ತಪ್ಪನ್ನೇ ಜರ್ಮನಿ ಕಾನೂನು ಬರೆದು ಇಪ್ಪತ್ತೆರಡು ವರ್ಷ ಮಾಡಿತ್ತು.

ಜರ್ಮನಿಯಲ್ಲಿ 1995ರ ಜನವರಿಯಿಂದ ಕಡ್ಡಾಯ ಆರೈಕೆ ವಿಮೆ ಇದೆ. ಆರೋಗ್ಯ ವಿಮೆ ಬೇರೆ, ಇದು ಬೇರೆ. ದುಡಿಯುವವರ ಸಂಬಳದಿಂದ ಇದಕ್ಕೆಂದೇ ಹಣ ಮುರಿಯುತ್ತಾರೆ. 2025ರಲ್ಲಿ ಆ ಪಾಲು ಶೇ. 3.6, ಸರಿಸುಮಾರು ಅರ್ಧ ಮಾಲೀಕನದು. ಮಕ್ಕಳಿಲ್ಲದವರು ಸ್ವಲ್ಪ ಹೆಚ್ಚು ಕಟ್ಟಬೇಕು. ಇದನ್ನು ಹೇಳಿದಾಗ ನಮ್ಮ ಊರಿನಲ್ಲಿ ಎಲ್ಲರೂ ನಗುತ್ತಾರೆ, ಅಲ್ಲಿ ಯಾರೂ ನಗುವುದಿಲ್ಲ. ಮುಂದೆ ಈ ವಿಮೆಗೆ ಹಣ ಕಟ್ಟುವವರು ಇವತ್ತಿನ ಮಕ್ಕಳೇ ತಾನೇ ಎಂಬುದು ಅವರ ಲೆಕ್ಕ.

ವಿಮೆ ಎಂದ ಮೇಲೆ ಯಾರಿಗೆ ಎಷ್ಟು ಎಂದು ಅಳೆಯಬೇಕು. ಅಲ್ಲಿ ಮೊದಲು ಮೂರು ಹಂತಗಳಿದ್ದವು, ಅಳತೆಗೋಲು ನಿಮಿಷ. ದಿನಕ್ಕೆ ಸರಾಸರಿ 90 ನಿಮಿಷದ ಸಹಾಯ ಬೇಕು, ಅದರಲ್ಲಿ 45ಕ್ಕಿಂತ ಹೆಚ್ಚು ನಿಮಿಷ ತೊಳೆಯುವುದು, ಉಣ್ಣಿಸುವುದು, ಎಬ್ಬಿಸಿ ನಡೆಸುವುದಕ್ಕೇ ಹೋಗುತ್ತದೆ ಎಂದಾದರೆ ಮೊದಲ ಹಂತ. ಮೂರು ಗಂಟೆಯಾದರೆ ಎರಡನೆಯದು, ಐದು ಗಂಟೆಯಾದರೆ ಮೂರನೆಯದು. ಯಾವ ಕೆಲಸಕ್ಕೆ ಎಷ್ಟು ನಿಮಿಷ ಎಂಬ ಪಟ್ಟಿಯೂ ಇತ್ತು. ತಲೆ ಬಾಚಲು ಒಂದರಿಂದ ಮೂರು ನಿಮಿಷ. ಹಲ್ಲುಜ್ಜಿಸಲು ಐದು. ಇಡೀ ಮೈ ಒರೆಸಿ ತೊಳೆಯಲು 20ರಿಂದ 25. ನನ್ನ ಅಜ್ಜಿಯ ಜಡೆ ಹೆಣೆಯಲು ಅಮ್ಮನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಅದರಲ್ಲಿ ಬಾಚಿದ್ದು ಎಷ್ಟು, ಮಾತಾಡಿದ್ದು ಎಷ್ಟು ಎಂದು ಯಾರು ಬಿಡಿಸಿ ಹೇಳಬೇಕು?

ನಮ್ಮ ಆರೈಕೆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಬೇಕರಿ ಅಜ್ಜಿ ಎನ್ನೋಣ. ಗಂಡನ ಜೊತೆ ನಲವತ್ತು ವರ್ಷ ರೊಟ್ಟಿ ಸುಟ್ಟವರು. ಕೈಕಾಲು ಗಟ್ಟಿ, ಊಟ ತಾವೇ ಮಾಡುವರು, ಸ್ನಾನಕ್ಕೆ ಮಾತ್ರ ಜೊತೆಗೊಬ್ಬರು ಬೇಕು. ಆದರೆ ಬೇಕರಿಯವರ ಬೆಳಗು ರಾತ್ರಿ ಎರಡಕ್ಕೆ. ಎರಡಕ್ಕೆ ಸರಿಯಾಗಿ ಎದ್ದು, ಒಲೆ ಹುಡುಕಿಕೊಂಡು ಕಂಡವರ ಕೋಣೆಗೆಲ್ಲ ನುಗ್ಗುವರು. ಮಲಗಿದವರ ಹೊದಿಕೆಯನ್ನು ಹಿಟ್ಟೆಂದು ತಿಳಿದು ನಾದುವರು. ಮಲಗಿದ್ದವರು ಬೆಚ್ಚಿ ಕಿರುಚುವರು. ರಾತ್ರಿ ಪಾಳಿಯಲ್ಲಿ ನಲವತ್ತೆಂಟು ಮಂದಿಗೆ ನಾವು ಇಬ್ಬರು. ಅದರಲ್ಲಿ ಒಬ್ಬರು ಬೆಳಗಿನವರೆಗೆ ಬೇಕರಿಯಲ್ಲೇ ಕೆಲಸ ಮಾಡಿದ ಹಾಗೆ.

ಪಕ್ಕದ ಕೋಣೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದ ಒಬ್ಬರು. ಹೊಟ್ಟೆಗೆ ಹಾಕಿದ ಕೊಳವೆಯಿಂದ ಆಹಾರ, ಹಾಸಿಗೆ ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು. ಭಾರಿ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಅವರ ದಿನವನ್ನು ಗಡಿಯಾರ ನೋಡಿ ಬರೆದಿಡಬಹುದಿತ್ತು. ಬೇಕರಿ ಅಜ್ಜಿಯ ದಿನವನ್ನು ಬರೆಯುವ ಗಡಿಯಾರ ಯಾರ ಹತ್ತಿರವೂ ಇರಲಿಲ್ಲ. ಅವರಿಗೆ ಮೂರನೆಯ ಹಂತ, ಅಜ್ಜಿಗೆ ಮೊದಲನೆಯದು. ಸುಮ್ಮನೆ ಕಣ್ಣಿಟ್ಟಿರುವುದು ನಿಮಿಷದ ಪಟ್ಟಿಯಲ್ಲಿ ಕೆಲಸವೇ ಅಲ್ಲ. ಆರೈಕೆ ಮನೆಗೆ ಸಿಗುವ ಹಣ ಹಂತದ ಪ್ರಕಾರ, ಸಿಬ್ಬಂದಿಯೂ ಹಂತದ ಪ್ರಕಾರ. ಅಂದರೆ ಅಜ್ಜಿಗೆ ನಾವು ಕೊಡುತ್ತಿದ್ದ ಹೊತ್ತೆಲ್ಲ ಮತ್ತೊಬ್ಬರ ಪಾಲಿನಿಂದ ಕದ್ದದ್ದು.

ಈ ತಪ್ಪು ಅಲ್ಲಿನವರಿಗೆ ಬೇಗನೇ ಗೊತ್ತಾಗಿತ್ತು. ಮರೆವಿನ ಕಾಯಿಲೆಯವರಿಗೆಂದು ನಡುವೆ ಒಂದಿಷ್ಟು ತೇಪೆ ಹಾಕಿದರು. ತೇಪೆಯ ಮೇಲೆ ತೇಪೆಯಾದ ಮೇಲೆ, 2017ರ ಜನವರಿ 1ರಂದು ಹಳೆಯ ಬಟ್ಟೆಯನ್ನೇ ಎಸೆದರು. ಮೂರು ಹಂತ ಹೋಗಿ ಐದು ದರ್ಜೆ ಬಂತು. ಬದಲಾದದ್ದು ಸಂಖ್ಯೆಯಷ್ಟೇ ಆಗಿದ್ದರೆ ನಾನು ಇಲ್ಲಿ ನಿಂತು ಹೇಳುತ್ತಿರಲಿಲ್ಲ. ಪ್ರಶ್ನೆಯೇ ಬದಲಾಯಿತು. ಈ ಮನುಷ್ಯನಿಗೆ ಎಷ್ಟು ನಿಮಿಷ ಬೇಕು ಎಂಬ ಜಾಗದಲ್ಲಿ, ಈ ಮನುಷ್ಯ ತನ್ನಷ್ಟಕ್ಕೆ ಏನೇನು ಮಾಡಬಲ್ಲ ಎಂದು ಕೇಳತೊಡಗಿದರು.

ಆರು ವಿಭಾಗಗಳಲ್ಲಿ ನೋಡುತ್ತಾರೆ. ಮೈ ತೊಳೆದುಕೊಳ್ಳುವುದು, ಉಡುವುದು, ಉಣ್ಣುವುದು, ಶೌಚ, ಇವಕ್ಕೆ ಒಟ್ಟು ಅಂಕದಲ್ಲಿ ಶೇ. 40. ಮಾತ್ರೆ, ಇನ್ಸುಲಿನ್, ಗಾಯದ ಪಟ್ಟಿ, ವೈದ್ಯರ ಭೇಟಿ ಇವನ್ನೆಲ್ಲ ನಿಭಾಯಿಸುವುದಕ್ಕೆ ಶೇ. 20. ದಿನಚರಿ ಹೊಂದಿಸಿಕೊಳ್ಳುವುದು, ಜನರ ಜೊತೆ ಬೆರೆಯುವುದು ಶೇ. 15. ನೆನಪು ಮತ್ತು ಮಾತು ಒಂದು ವಿಭಾಗ, ರಾತ್ರಿ ಅಲೆಯುವುದು, ಹೆದರುವುದು, ಸಿಟ್ಟಾಗುವುದು ಇನ್ನೊಂದು; ಈ ಎರಡರಲ್ಲಿ ಹೆಚ್ಚು ಬಂದದ್ದಕ್ಕೆ ಶೇ. 15. ನಡಿಗೆ, ಮೆಟ್ಟಿಲು ಹತ್ತುವುದು, ಮಗ್ಗುಲು ಬದಲಿಸುವುದು ಎಲ್ಲ ಸೇರಿ ಶೇ. 10. ಗಮನಿಸಿ, ನಮ್ಮ ಕೇಂದ್ರದ ಹುಡುಗ ಯಾವುದೊಂದನ್ನು ನೋಡಿ ತೀರ್ಮಾನ ಮಾಡಿದನೋ ಅದಕ್ಕೆ ಅಲ್ಲಿ ಹತ್ತರಲ್ಲಿ ಒಂದು ಪಾಲು. ರೋಗದ ಹೆಸರಿಗೆ ಅಂಕವೇ ಇಲ್ಲ. 'ಆಲ್ಝೈಮರ್' ಎಂದು ವೈದ್ಯರ ಚೀಟಿ ಹಿಡಿದು ಬಂದರೂ ನಿಮ್ಮ ದಿನ ಹೇಗೆ ಕಳೆಯುತ್ತದೆ ಎಂದೇ ಕೇಳುತ್ತಾರೆ. ನೂರಕ್ಕೆ 12.5 ಬಂದರೆ ಮೊದಲ ದರ್ಜೆ, 27ಕ್ಕೆ ಎರಡು, 47.5ಕ್ಕೆ ಮೂರು, 70ಕ್ಕೆ ನಾಲ್ಕು, 90ಕ್ಕೆ ಐದು.

ಹಳಬರನ್ನು ಮರುಪರೀಕ್ಷೆ ಇಲ್ಲದೆ ಹೊಸ ಏಣಿಗೆ ಹತ್ತಿಸಿದರು. ದೇಹ ಮಾತ್ರ ಸೋತವರಿಗೆ ಒಂದು ಮೆಟ್ಟಿಲು ಮೇಲೆ; ನೆನಪೂ ಸೋತಿದೆ ಎಂದು ದಾಖಲಾದವರಿಗೆ ಎರಡು. ಬೇಕರಿ ಅಜ್ಜಿ ಮೊದಲ ಹಂತದಲ್ಲಿ ಮಲಗಿ ಮೂರನೆಯ ದರ್ಜೆಯಲ್ಲಿ ಎದ್ದರು. ಎದ್ದದ್ದು ಎಂದಿನಂತೆ ರಾತ್ರಿ ಎರಡಕ್ಕೇ. ಹೊಸ ಪದ್ಧತಿಯ ಬಗ್ಗೆಯೂ ನನ್ನದೊಂದು ತಕರಾರಿದೆ. ಮರೆವೂ ಇದ್ದು ಅಲೆದಾಟವೂ ಇದ್ದರೆ ಒಂದರ ಅಂಕ ಮಾತ್ರ ಲೆಕ್ಕಕ್ಕೆ. ರಾತ್ರಿ ಪಾಳಿಯ ನರ್ಸಿಗೆ ಅವು ಎರಡು ಬೇರೆ ಬೇರೆ ಕಷ್ಟಗಳು.

ಅಳೆಯುವವರು ಆರೈಕೆ ಮನೆಯವರಲ್ಲ. ವಿಮಾ ಸಂಸ್ಥೆಗಳ ಪರವಾಗಿ ವೈದ್ಯಕೀಯ ಸೇವಾ ವಿಭಾಗದಿಂದ ನುರಿತ ನರ್ಸ್ ಒಬ್ಬರು ಬರುತ್ತಾರೆ. ಅವರು ಬರುವ ದಿನದ ಸೊಬಗು ನೋಡಬೇಕು. ಮೂರು ವಾರದಿಂದ ಬಟ್ಟೆ ಬದಲಿಸಲು ಜಗಳ ಮಾಡುತ್ತಿದ್ದ ಅಜ್ಜಿ ಮುತ್ತಿನ ಸರ ಹಾಕಿಕೊಂಡು ಕುಳಿತಿರುತ್ತಾರೆ. ಸ್ನಾನ? ನಾನೇ ಮಾಡುತ್ತೇನೆ. ಅಡಿಗೆ? ಅದನ್ನೂ ನಾನೇ. ಇದಕ್ಕೆ ಜರ್ಮನಿಗೆ ಹೋಗಬೇಕಾಗಿಲ್ಲ. ನೆಂಟರು ಬಂದ ದಿನ ನಮ್ಮ ಮನೆಯ ಹಿರಿಯರಿಗೂ ಏನೂ ಆಗಿರುವುದಿಲ್ಲ. "ಅಮ್ಮ ಚೆನ್ನಾಗಿಯೇ ಇದ್ದಾರಲ್ಲ, ನೀವೇ ಸುಮ್ಮನೆ ಹೇಳುತ್ತೀರಿ" ಎಂದು ಬೆಂಗಳೂರಿನ ನಾದಿನಿ ಹೇಳಿ ಹೋಗುವುದೂ ಆ ದಿನವೇ. ಅದು ಸುಳ್ಳಲ್ಲ, ನಟನೆಯೂ ಅಲ್ಲ. ಇಡೀ ಜನ್ಮದ ಮರ್ಯಾದೆ ಒಂದು ಗಂಟೆಯ ಮಟ್ಟಿಗೆ ಮೈಮೇಲೆ ಬರುತ್ತದೆ. ಅದಕ್ಕೇ ಅಲ್ಲಿ ಮನೆಯವರಿಗೆ ಹೇಳುತ್ತಾರೆ: ಒಂದೆರಡು ವಾರ ದಿನಚರಿ ಬರೆದಿಡಿ, ಪರೀಕ್ಷೆಗೆ ಬಂದವರ ಕೈಯಲ್ಲಿ ಅದನ್ನು ಕೊಡಿ. ದರ್ಜೆ ಸರಿ ಕಾಣದಿದ್ದರೆ ಒಂದು ತಿಂಗಳೊಳಗೆ ಆಕ್ಷೇಪ ಸಲ್ಲಿಸುವ ಹಕ್ಕೂ ಇದೆ.

ಇನ್ನು ಹಣದ ಜಗ್ಗಾಟ. ದರ್ಜೆ ಏರಿದರೆ ಆರೈಕೆ ಮನೆಗೆ ಹೆಚ್ಚು ಹಣ. ಮೊದಲು ದರ್ಜೆ ಏರಿದಂತೆ ಮನೆಯವರ ಕೈಯಿಂದ ಹೋಗುವ ಪಾಲೂ ಏರುತ್ತಿತ್ತು. ಹಾಗಾಗಿ ಅಪ್ಪನ ಸ್ಥಿತಿ ಕೆಟ್ಟಿದೆ, ಮರುಪರೀಕ್ಷೆಗೆ ಅರ್ಜಿ ಹಾಕಿ ಎಂದು ನಮ್ಮ ಕಚೇರಿಯಿಂದ ಪತ್ರ ಹೋದರೆ, ಮಗಳು ಅದನ್ನು ಬಿಲ್ಲೆಂದೇ ಓದುತ್ತಿದ್ದಳು. ಅಪ್ಪ ಚೆನ್ನಾಗಿದ್ದಾರೆ ಎಂದು ವಾದಿಸುವುದು ಅವಳ ಪಾಲಿಗೆ, ಚೆನ್ನಾಗಿಲ್ಲ ಎಂದು ವಾದಿಸುವುದು ನಮ್ಮ ಪಾಲಿಗೆ. ನಡುವೆ ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. 2017ರ ನಂತರ ಒಂದೇ ಆರೈಕೆ ಮನೆಯಲ್ಲಿ ಎರಡರಿಂದ ಐದನೆಯ ದರ್ಜೆಯವರೆಗೆ ಆರೈಕೆಗೆ ನಿವಾಸಿ ಕೊಡುವ ಪಾಲು ಒಂದೇ ಆಯಿತು. ಆ ಜಗಳ ನಿಂತಿತು. ಖರ್ಚೇನೂ ನಿಲ್ಲಲಿಲ್ಲ, 2025ರಲ್ಲಿ ಹೊಸದಾಗಿ ಸೇರಿದವರು ಊಟ, ಬಾಡಿಗೆ ಎಲ್ಲ ಸೇರಿ ತಿಂಗಳಿಗೆ ಸರಾಸರಿ ಮೂರು ಸಾವಿರ ಯೂರೊ ಆಸುಪಾಸು ತಮ್ಮ ಕೈಯಿಂದ ಕೊಡಬೇಕಾಗಿದೆ. ವಿಮೆ ಇದ್ದೂ ಇಷ್ಟು.

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಯಾರಾದರೂ ಸುಧಾರಿಸಿದರೆ? ಹಾಸಿಗೆ ಹಿಡಿದಿದ್ದ ಒಬ್ಬ ತಾತನನ್ನು ನಾವು ಐದು ತಿಂಗಳು ಪಟ್ಟುಹಿಡಿದು ಕೂರಿಸಿ, ನಿಲ್ಲಿಸಿ, ಕೊನೆಗೆ ವಾಕರ್ ಹಿಡಿದು ಊಟದ ಕೋಣೆಗೆ ನಡೆಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಬೆಲೆ ಎಂದರೆ ದರ್ಜೆ ಇಳಿಯುವುದು, ಹಣ ಇಳಿಯುವುದು, ಮುಂದಿನ ತಾತನನ್ನು ನಿಲ್ಲಿಸಲು ಕೈಗಳು ಕಡಿಮೆಯಾಗುವುದು. ಕಾನೂನಿನಲ್ಲಿ ಇದಕ್ಕೂ ಉಪಾಯವಿದೆ. ಆರೈಕೆಯಿಂದಾಗಿ ದರ್ಜೆ ಇಳಿದರೆ ಆರೈಕೆ ಮನೆಗೆ ಸುಮಾರು ಮೂರು ಸಾವಿರ ಯೂರೊ ಬಹುಮಾನ. ನಾನಿದ್ದ ವರ್ಷಗಳಲ್ಲಿ ಆ ಹಣ ನಮ್ಮಲ್ಲಿಗೆ ಬಂದದ್ದನ್ನು ಕಾಣಲಿಲ್ಲ.

ಹಣ ಯಾವುದಕ್ಕೆ ಅಂಟಿಕೊಂಡಿದೆಯೋ ಆರೈಕೆಯೂ ಅತ್ತ ವಾಲುತ್ತದೆ ಎಂಬುದಕ್ಕೆ ಅಮೆರಿಕದ ಕಥೆ ಇದಕ್ಕಿಂತ ಸೊಗಸು. ಆಸ್ಪತ್ರೆಯಿಂದ ಆರೈಕೆ ಮನೆಗೆ ಬಂದ ಹಿರಿಯರಿಗೆ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಹಣ ಕೊಡುವಾಗ, ವಾರಕ್ಕೆ ಎಷ್ಟು ನಿಮಿಷ ಫಿಸಿಯೋಥೆರಪಿಯಂಥ ಚಿಕಿತ್ಸೆ ಆಯಿತು ಎಂದು ನೋಡುತ್ತಿತ್ತು. 720 ನಿಮಿಷ ದಾಟಿದರೆ ಅತ್ಯಂತ ದೊಡ್ಡ ದರ. 2013ರ ಲೆಕ್ಕ ತೆಗೆದು ನೋಡಿದರೆ, ಆ ದೊಡ್ಡ ದರದ ಬಿಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು 720 ಮತ್ತು 730ರ ನಡುವೆ ನಿಂತಿದ್ದವು. ಅಷ್ಟೊಂದು ಮುದುಕರ ಮಂಡಿಗಳು ಒಂದೇ ಹತ್ತು ನಿಮಿಷದ ಒಳಗೆ ದಣಿದವೆಂದು ನಂಬಬೇಕು! 2019ರ ಅಕ್ಟೋಬರಿನಿಂದ ನಿಮಿಷದ ಲೆಕ್ಕ ಬಿಟ್ಟು ರೋಗಿಯ ಸ್ಥಿತಿಗೆ ತಕ್ಕ ದರ ಎಂದರು. ಹೊಸ ನಿಯಮ ಬರುತ್ತಿದ್ದಂತೆ ಹಲವೆಡೆ ಚಿಕಿತ್ಸಕರ ಕೆಲಸವೇ ಹೋಯಿತು. ಮಂಡಿಗಳು ಮಾತ್ರ ಹಿಂದಿನವೇ.

ಆಸ್ಟ್ರೇಲಿಯದಲ್ಲಿ ಆರೈಕೆ ಮನೆಯವರೇ ತಮ್ಮ ನಿವಾಸಿಗಳಿಗೆ ಅಂಕ ಹಾಕಿ ಸರ್ಕಾರದಿಂದ ಹಣ ಪಡೆಯುತ್ತಿದ್ದರು. ಅಂಗಡಿಯವನೇ ತಕ್ಕಡಿ ಹಿಡಿದ ಹಾಗೆ. 2022ರ ಅಕ್ಟೋಬರಿನಿಂದ ಹೊರಗಿನ ಪರೀಕ್ಷಕರು ಬಂದು 13 ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಜೊತೆಗೆ, ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ 215 ನಿಮಿಷದ ಆರೈಕೆ, ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸಿನದು, ಎಂದು 2024ರಿಂದ ಕಡ್ಡಾಯ. ನಿಮಿಷ ಇಲ್ಲೂ ಬಂತಲ್ಲ ಎನ್ನಬೇಡಿ. ಇಲ್ಲಿ ನಿಮಿಷದಿಂದ ಅಳೆಯುತ್ತಿರುವುದು ಅಜ್ಜಿಯನ್ನಲ್ಲ, ಆರೈಕೆ ಮನೆಯನ್ನು.

ಜರ್ಮನಿಯಲ್ಲೂ 2023ರ ಜುಲೈಯಿಂದ ಇದೇ ಜಾಡು. ಬ್ರೆಮೆನ್ ವಿಶ್ವವಿದ್ಯಾಲಯದ ತಂಡವೊಂದು ಆರೈಕೆ ಮನೆಗಳಲ್ಲಿ ನಿಂತು, ಯಾವ ಕೆಲಸವನ್ನು ಯಾರು ಮಾಡಬೇಕು, ಎಷ್ಟು ಹೊತ್ತು ಬೇಕು ಎಂದು ಅಳೆದಿತ್ತು. ಅದರ ಆಧಾರದ ಮೇಲೆ ದರ್ಜೆವಾರು ಸಿಬ್ಬಂದಿಯ ಮಿತಿ ನಿಗದಿಯಾಯಿತು. ಎರಡನೆಯ ದರ್ಜೆಯ ಹತ್ತು ಮಂದಿಗೆ ಪೂರ್ಣ ತರಬೇತಾದ ನರ್ಸ್ ಒಬ್ಬರು, ಐದನೆಯ ದರ್ಜೆಯ ಹತ್ತು ಮಂದಿಗೆ ಹೆಚ್ಚುಕಡಿಮೆ ನಾಲ್ವರು. ಸಹಾಯಕರ ಲೆಕ್ಕ ಬೇರೆ. ಮೊದಲು ದರ್ಜೆ ಯಾವುದಿದ್ದರೂ ಸಿಬ್ಬಂದಿಯಲ್ಲಿ ಅರ್ಧ ಪಾಲು ತರಬೇತಾದವರೇ ಇರಬೇಕೆಂಬ ನಿಯಮವಿತ್ತು. ಅದರಿಂದ ಅನುಭವಿ ನರ್ಸುಗಳು ಕಾಫಿ ಹಂಚುತ್ತ, ಹಾಸಿಗೆ ಹಾಸುತ್ತ ದಿನ ಕಳೆಯುವುದನ್ನು ನಾನೇ ಕಂಡಿದ್ದೇನೆ. ನಾನೂ ಹಂಚಿದ್ದೇನೆ.

ನಮ್ಮ ಕಡೆಗೆ ಬರೋಣ. ನಮಗೆ ಆರೈಕೆ ವಿಮೆ ಇಲ್ಲ, ದರ್ಜೆ ಇಲ್ಲ, ಅಳೆಯಲು ಬರುವ ಅಧಿಕಾರಿ ಇಲ್ಲ. ಇರುವುದು ನಾವು ಮತ್ತು ಫಾರಂ ತುಂಬುವ ಹುಡುಗ. ವೈದ್ಯರು, ಫಿಸಿಯೋಥೆರಪಿಯವರು ಬಾರ್ತೆಲ್ ಸೂಚಿ ಎಂಬ ಅಳತೆ ಬಳಸುತ್ತಾರೆ. 1965ರಲ್ಲಿ ಅಮೆರಿಕದಲ್ಲಿ ಬಂದದ್ದು, ಊಟ, ಸ್ನಾನ, ಶೌಚ, ಮೆಟ್ಟಿಲು ಹೀಗೆ ಹತ್ತು ವಿಷಯಕ್ಕೆ ನೂರು ಅಂಕ. ಒಳ್ಳೆಯದೇ. ಆದರೆ ಅದು ಮರೆವನ್ನು ಕೇಳುವುದಿಲ್ಲ. ನನ್ನ ಅತ್ತೆಗೆ ಅದರಲ್ಲಿ ತೊಂಬತ್ತು ಬರುತ್ತಿತ್ತು, ಒಂದೇ ಚಪ್ಪಲಿಯಲ್ಲಿ ಬಸ್ ತಂಗುದಾಣದಲ್ಲಿ ಕುಳಿತಿದ್ದ ದಿನವೂ ಸಹ.

ಆದ್ದರಿಂದ ನನ್ನ ಸಲಹೆ ನೂರು ಪುಟದ ಒಂದು ಗೆರೆ ಪುಸ್ತಕ. ಯಾರನ್ನಾದರೂ ಸೇರಿಸುವ ಮೊದಲು ಏಳು ಹಗಲು, ಏಳು ರಾತ್ರಿ ಬರೆಯಿರಿ. 'ಸ್ನಾನ ಮಾಡಿಸಿದೆ' ಎಂದಲ್ಲ. ಯಾವಾಗ, ಎಷ್ಟು ಹೊತ್ತು, ಏನನ್ನು ತಾವೇ ಮಾಡಿದರು, ಎಲ್ಲಿ ಕೈ ಹಾಕಬೇಕಾಯಿತು, ಎಷ್ಟು ಸಲ ಹೇಳಬೇಕಾಯಿತು ಎಂದು. ರಾತ್ರಿಯದನ್ನು ಬೆಳಿಗ್ಗೆ ನೆನಪಿನಿಂದ ಬರೆಯಬೇಡಿ, ನಿದ್ದೆಗಣ್ಣು ಎಲ್ಲವನ್ನೂ ಅರ್ಧಕ್ಕೆ ಇಳಿಸುತ್ತದೆ. ಆ ಪುಸ್ತಕವನ್ನು ಕೇಂದ್ರದವರ ಮುಂದಿಟ್ಟು ಮಾತು ಶುರು ಮಾಡಿ. ಸಿಬ್ಬಂದಿ ಎಷ್ಟು ಎಂದು ಕೇಳಿದರೆ ಅಡಿಗೆಯವರು, ಚಾಲಕ, ತೋಟದವನು ಎಲ್ಲರನ್ನೂ ಸೇರಿಸಿ ಒಂದು ಸಂಖ್ಯೆ ಹೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದಿರುವವರು ಎಷ್ಟು ಮಂದಿ ಎಂದು ಕೇಳಿ.

ಬೇಕಾದದ್ದಕ್ಕಿಂತ ಹೆಚ್ಚು ಆರೈಕೆಯೂ ಕೆಡುಕೇ. ಇದನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಅಜ್ಜಿಯನ್ನು ಹಾಸಿಗೆ ಹಿಡಿದವರ ದರಕ್ಕೆ ಸೇರಿಸುತ್ತಾರೆ. ಒಂದೆರಡು ತಿಂಗಳಲ್ಲಿ ಅವರು ಎದ್ದು ನಡೆಯಬಲ್ಲರು. ಆದರೆ ಡೈಪರ್ ಹಾಕಿ ಆಗಿದೆ. ಶೌಚಕ್ಕೆ ಕರೆದುಕೊಂಡು ಹೋಗುವುದು ಹದಿನೈದು ನಿಮಿಷ, ಡೈಪರ್ ಬದಲಿಸುವುದು ಐದು. ಮೂರು ತಿಂಗಳು ಡೈಪರಿನಲ್ಲಿದ್ದವರಿಗೆ ಹೋಗಬೇಕೆಂದು ಹೇಳುವ ಅಭ್ಯಾಸವೇ ತಪ್ಪುತ್ತದೆ. ಚಮಚದಲ್ಲಿ ಉಣ್ಣಿಸಿದರೆ ಬೇಗ ಮುಗಿಯುತ್ತದೆ, ಕೈ ಎತ್ತುವುದು ಮರೆತುಹೋಗುತ್ತದೆ. ಮೊದಲು ದರ ಬರೆದರು, ಆಮೇಲೆ ಅಜ್ಜಿ ಆ ದರಕ್ಕೆ ತಕ್ಕವರಾದರು. ಹಾಗಾಗಿ ಮತ್ತೆ ಯಾವಾಗ ನೋಡುತ್ತೀರಿ ಎಂದು ಸೇರಿಸುವ ದಿನವೇ ಬರೆಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ, ಬಿದ್ದಾಗ, ಆಸ್ಪತ್ರೆಯಿಂದ ಬಂದಾಗ. ಏರುವುದಕ್ಕಷ್ಟೇ ಅಲ್ಲ, ಇಳಿಯುವುದಕ್ಕೂ.

ಪ್ರಶ್ನೆಗೆ ಸಮಯ ಕೊಟ್ಟಾಗ ನಿವೃತ್ತ ಮೇಷ್ಟರೊಬ್ಬರು ಎದ್ದು, "ಸರ್ಕಾರ ಏನೂ ಮಾಡಬೇಕಾಗಿಲ್ಲವೇ, ಎಲ್ಲ ನಮ್ಮ ಗೆರೆ ಪುಸ್ತಕದಲ್ಲೇ ಆಗಬೇಕೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆ, ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. 'ಬಹುದು' ಎಂಬ ಪದವನ್ನು ಮೇಷ್ಟರು ನನಗಿಂತ ಚೆನ್ನಾಗಿ ಬಲ್ಲರು. ಅದಿರಲಿ, ಆ 150 ಮಂದಿಯಲ್ಲಿ ಯಾರಿಗೆ ಯಾವ ಆರೈಕೆ ಬೇಕೆಂದು ವಿಂಗಡಿಸುವ ಏಣಿ ಆ ಕಾಯ್ದೆಯಲ್ಲಿ ಇಲ್ಲ. ತಲೆ ಎಣಿಸಿದೆ, ಅಷ್ಟೇ. ಜರ್ಮನಿಯಂಥ ವಿಮೆ ನಾಳೆಯೇ ಬರಲೆಂದು ನಾನು ಕೇಳುವುದಿಲ್ಲ. ಪ್ರತಿ ಆರೈಕೆ ಕೇಂದ್ರವೂ ಸೇರಿಸಿಕೊಳ್ಳುವಾಗ ಒಂದೇ ಮಾದರಿಯ ಎರಡು ಪುಟದ ಪರೀಕ್ಷೆ ಮಾಡಬೇಕು, ಅದರಲ್ಲಿ ನೆನಪು ಮತ್ತು ರಾತ್ರಿಯ ಬಗ್ಗೆ ಪ್ರಶ್ನೆ ಇರಬೇಕು, ಪ್ರತಿಯನ್ನು ಮನೆಯವರಿಗೆ ಕೊಡಬೇಕು ಎಂದು ನಿಯಮ ಮಾಡಲು ಬೊಕ್ಕಸದಿಂದ ದೊಡ್ಡ ಹಣವೇನೂ ಬೇಕಾಗುವುದಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಕೇಳಿದರು: "ನಿಮ್ಮ ಅತ್ತೆ ಈಗ ಎಲ್ಲಿದ್ದಾರೆ ಅಕ್ಕ?"

ಇನ್ನೊಂದು ಕಡೆ ಇದ್ದಾರೆ, ಚಿಕ್ಕದು, ಹದಿನಾಲ್ಕು ಮಂದಿ. ನನ್ನ ಗೆರೆ ಪುಸ್ತಕವನ್ನು ಅಲ್ಲಿನ ಮೇಲ್ವಿಚಾರಕಿ ಎರಡು ದಿನ ಇಟ್ಟುಕೊಂಡು ಓದಿದರು. ಪ್ರತಿದಿನ ಸಂಜೆ ನಾಲ್ಕು ಗಂಟೆ ಎಂಬುದಕ್ಕೆ ಕೆಂಪು ಗೆರೆ ಎಳೆದದ್ದು ಅವರೇ. ಈಗ ನಾಲ್ಕಕ್ಕೆ ಅತ್ತೆಯ ಕೈಗೆ ಹಳೆಯ ಬೀಗದ ಕೈಗಳ ಗೊಂಚಲು ಕೊಡುತ್ತಾರೆ, ಒಬ್ಬ ಹುಡುಗಿ ಜೊತೆಗೆ ಹೋಗುತ್ತಾಳೆ. ಹಿತ್ತಿಲಿನ ಶೆಡ್ಡಿಗೆ ಬೀಗ ಹಾಕಿ, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿ, ನಿಧಾನವಾಗಿ ವಾಪಸು ಬರುತ್ತಾರೆ. ನಲವತ್ತು ನಿಮಿಷ ಹಿಡಿಯುತ್ತದೆ. ದರ ಅಲ್ಲೂ ಎರಡೇ, ಅತ್ತೆ ಓಡಾಡುವವರ ದರದಲ್ಲೇ ಇದ್ದಾರೆ. ಆ ನಲವತ್ತು ನಿಮಿಷದ ಹಣ ತಿಂಗಳ ಬಿಲ್ಲಿನ ಕೊನೆಯ ಸಾಲಿನಲ್ಲಿ ಬರುತ್ತದೆ, 'ಇತರೆ' ಎಂದು.